ಬಡ್ತಿ ಕೊಡುತ್ತೇನೆಂದರೂ ಅವರು ಏಕೆ ಬೇಡವೆನ್ನುತ್ತಾರೆ?

ಪ್ರಶ್ನೆ: ಮೇಡಂ, ಮಂಡ್ಯ ಜಿಲ್ಲೆಯಲ್ಲಿ ನಮ್ಮದೊಂದು ಚಿಕ್ಕ ಗಾರ್ಮೆಂಟ್ಸ್ ಘಟಕವಿದೆ. ತಂದೆಯವರು ಕಟ್ಟಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಒಟ್ಟು 140 ಕೆಲಸಗಾರರಲ್ಲಿ 118 ಮಂದಿ ಹೆಂಗಸರು, ಹೆಚ್ಚಿನವರು ಸುತ್ತಲಿನ ಹಳ್ಳಿಗಳವರು. ಆದರೆ ಆರು ಸೂಪರ್‌ವೈಸರ್‌ಗಳೂ ಗಂಡಸರು. ನಮ್ಮಿಂದ ಮಾಲು ಕೊಳ್ಳುವ ಕಂಪನಿಯ ಆಡಿಟ್‌ನವರು ಈ ಸಲ ಅದನ್ನು ಬರೆದುಕೊಂಡು ಹೋದರು. ನನಗೂ ಅದು ಸರಿ ಅನ್ನಿಸಿರಲಿಲ್ಲ. ಹತ್ತು ವರ್ಷದಿಂದ ಇರುವ ಇಬ್ಬರು ಒಳ್ಳೆಯ ಟೈಲರ್‌ಗಳನ್ನು ಕರೆದು ಸೂಪರ್‌ವೈಸರ್ ಮಾಡುತ್ತೇನೆ ಎಂದೆ. ಒಬ್ಬರು ಕಾರಣ ಹೇಳದೆ ಬೇಡವೆಂದರು, ಇನ್ನೊಬ್ಬರು ‘ಮನೆಯಲ್ಲಿ ಒಪ್ಪುವುದಿಲ್ಲ ಸಾರ್’ ಎಂದರು. ಇತ್ತ ಪರಿಚಯದ ಮಾಲೀಕರು, ‘ಹೊಸದಾಗಿ ಮದುವೆಯಾದವರನ್ನು ಸೇರಿಸಿಕೊಳ್ಳಬೇಡ, ಆರು ತಿಂಗಳು ಕೆಲಸವಿಲ್ಲದೆ ಸಂಬಳ ಕೊಡಬೇಕಾಗುತ್ತದೆ’ ಎನ್ನುತ್ತಾರೆ. ಶಿಶುಪಾಲನಾ ಕೊಠಡಿ ಇದೆ, ಮಕ್ಕಳಿಲ್ಲ. ಲೈಂಗಿಕ ಕಿರುಕುಳದ ದೂರು ಸಮಿತಿ ಇದೆ, ದೂರುಗಳಿಲ್ಲ. ದೊಡ್ಡ ಕಂಪನಿಗಳಂತೆ ಖರ್ಚು ಮಾಡುವ ಶಕ್ತಿ ನನಗಿಲ್ಲ. ಅವರ ಮನೆಯ ವಿಷಯಕ್ಕೆ ನಾನು ಕೈಹಾಕಬೇಕೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು ಖರ್ಚಿನದು. ಅದರಲ್ಲಿ ಹೆಚ್ಚಿನದು ತಪ್ಪು ತಿಳಿವಳಿಕೆ, ಬೇಗ ಬಗೆಹರಿಯುತ್ತದೆ. ಇನ್ನೊಂದು, ಕೈಗೆ ಬಂದ ಬಡ್ತಿಯನ್ನು ಆ ಇಬ್ಬರು ಏಕೆ ಒಪ್ಪಲಿಲ್ಲ ಎಂಬುದು. ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ದುಡಿದು, ಈಗ ಹಲವು ಘಟಕಗಳ ದೂರು ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂರುವ ನನಗೆ ಈ ಎರಡನೆಯ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಅವರು ಹೆದರಿ ಬೇಡವೆಂದರು ಎಂದುಕೊಳ್ಳಬೇಡಿ. ಲೆಕ್ಕ ಹಾಕಿ ಬೇಡವೆಂದಿರುವ ಸಾಧ್ಯತೆಯೇ ಹೆಚ್ಚು. ನೀವು ಮುಂದಿಟ್ಟ ಕೆಲಸ, ಈಗಿರುವ ರೂಪದಲ್ಲಿ, ಅವರಿಗೆ ನಷ್ಟದ್ದಾಗಿರಬಹುದು.

ಮೊದಲು ಹೆರಿಗೆ ರಜೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ, ಆಮೇಲಿನದಕ್ಕೆ 12 ವಾರ ರಜೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದರೂ ಈ ಅವಧಿ ಬದಲಾಗಿಲ್ಲ. ನಿಮ್ಮ ಪರಿಚಯದವರು ಮರೆತಿರುವುದು ಇಎಸ್‌ಐಯನ್ನು, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯನ್ನು. ತಿಂಗಳ ವೇತನ 21,000 ರೂಪಾಯಿಯವರೆಗೆ ಇರುವ ನಿಮ್ಮ ಎಲ್ಲ ಕೆಲಸಗಾರರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಅವರಲ್ಲಿ ಒಬ್ಬಾಕೆ ಹೆರಿಗೆಗೆ ಹೋದರೆ ಆ 26 ವಾರಗಳ ಹಣವನ್ನು ಕೊಡುವುದು ಇಎಸ್‌ಐ ನಿಗಮ, ನೀವಲ್ಲ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳಿನದು) ಆಕೆಯ ಹೆಸರಿನಲ್ಲಿ 70 ದಿನಗಳ ವಂತಿಗೆ ಸಂದಿದ್ದರೆ ಸಾಕು. ಇದಕ್ಕಾಗಿ ನೀವು ತಿಂಗಳು ತಿಂಗಳು ವೇತನದ ಶೇ 3.25ರಷ್ಟು ಕಟ್ಟುತ್ತಲೇ ಇದ್ದೀರಿ, ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಮದುವೆಯಾದ ಹುಡುಗಿಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದರೆ ನಿಮಗೆ ಉಳಿಯುವುದು ಒಂದು ರೂಪಾಯಿಯೂ ಇಲ್ಲ. ಹೆಣ್ಣೆಂಬ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡುವುದು 1976ರ ಸಮಾನ ವೇತನ ಕಾಯ್ದೆಯ ಕಾಲದಿಂದಲೂ ಕಾನೂನಿಗೆ ವಿರುದ್ಧ. ಈಗಿನ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ.

ನಿಮಗೆ ತಗಲುವ ನಿಜವಾದ ಖರ್ಚು ಬೇರೆ. ಕಾಲರ್ ಅಥವಾ ಕಫ್ ಕೂರಿಸುವ ಒಬ್ಬ ಟೈಲರ್ ಆರು ತಿಂಗಳು ಇಲ್ಲದಿದ್ದರೆ ಇಡೀ ಬ್ಯಾಚ್ (ಒಂದೇ ಉಡುಪನ್ನು ಸಾಲಾಗಿ ಕುಳಿತು ಹೊಲಿಯುವ ತಂಡ) ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ಇದು ಹೆರಿಗೆಯಿಂದ ಹುಟ್ಟಿದ ತೊಂದರೆಯಲ್ಲ. ಒಬ್ಬರಿಗೆ ಒಂದೇ ಕೆಲಸ ಕಲಿಸಿ ವರ್ಷಗಟ್ಟಲೆ ಅದೇ ಮಿಷಿನ್ ಮುಂದೆ ಕೂರಿಸಿದ್ದರಿಂದ ಹುಟ್ಟಿದ್ದು. ಆಕೆ ಕೆಲಸ ಬಿಟ್ಟು ಪಕ್ಕದ ಫ್ಯಾಕ್ಟರಿಗೆ ಹೋದಾಗಲೂ ನಿಮಗೆ ಇದೇ ಪೆಟ್ಟು ಬೀಳುತ್ತದೆ. ಗರ್ಭಿಣಿ ತಿಳಿಸಿದ ದಿನದಿಂದ ರಜೆ ಶುರುವಾಗುವವರೆಗೆ ತಿಂಗಳುಗಳು ಸಿಗುತ್ತವೆ. ಆ ಹೊತ್ತಿನಲ್ಲಿ ಒಬ್ಬ ಹೆಲ್ಪರ್‌ಗೆ ಆ ಕೆಲಸ ಕಲಿಸಿದರೆ ಒಂದು ಸಮಸ್ಯೆ ತೀರುತ್ತದೆ, ಒಬ್ಬ ಹೆಲ್ಪರ್ ಟೈಲರ್ ಆಗುತ್ತಾಳೆ.

ಇನ್ನು ಬಡ್ತಿಯ ವಿಷಯ. ನಿಮ್ಮಲ್ಲಿ ಸೂಪರ್‌ವೈಸರ್ ಎಂಬಾತ ದಿನವಿಡೀ ಏನು ಮಾಡುತ್ತಾನೆ ಎಂದು ಒಂದು ವಾರ ಫ್ಲೋರ್‌ನಲ್ಲಿ ನಿಂತು ನೋಡಿ. ಸಾಮಾನ್ಯವಾಗಿ ಕಾಣುವುದು ಇದು: ಗಂಟೆಗೊಮ್ಮೆ ಪೀಸ್ ಲೆಕ್ಕ, ಟಾರ್ಗೆಟ್ ಬರದಿದ್ದರೆ ಪ್ರೊಡಕ್ಷನ್ ಮ್ಯಾನೇಜರ್‌ರಿಂದ ಎಲ್ಲರೆದುರು ಬೈಗುಳ, ಆ ಬೈಗುಳವನ್ನು ಆತ ತನ್ನ ಬ್ಯಾಚ್‌ನ ಮೇಲೆ ಇಳಿಸುವುದು. ಸಂಜೆ ಶಿಫ್ಟ್ ಮುಗಿದು ಎಲ್ಲರೂ ವ್ಯಾನ್ ಹತ್ತಿ ಹೋದ ಮೇಲೆ ರಿಪೋರ್ಟ್ ಮುಗಿಸಲು ಮುಕ್ಕಾಲು ಗಂಟೆ. ಶಿಪ್‌ಮೆಂಟ್ ವಾರದಲ್ಲಿ ರಾತ್ರಿ ಒಂಬತ್ತಕ್ಕೂ ಮ್ಯಾನೇಜರ್ ಫೋನ್. ಬೈಕ್ ಇರುವ ಗಂಡಸಿಗೆ ಇದು ಕಷ್ಟದ ಕೆಲಸ. ಆರು ಗಂಟೆಯ ವ್ಯಾನ್ ತಪ್ಪಿದರೆ ಊರು ಸೇರಲು ದಾರಿಯೇ ಇಲ್ಲದ ಹೆಂಗಸಿಗೆ ಇದು ಆಗದ ಕೆಲಸ. ಶಕ್ತಿ ಯೋಜನೆ ಬಂದ ಮೇಲೆ 2023ರ ಜೂನ್‌ನಿಂದ ಬಸ್ ಚಾರ್ಜಿನ ಭಾರ ಇಳಿದಿದೆ, ನಿಜ. ಆದರೆ ಕತ್ತಲಾದ ಮೇಲೆ ಹಳ್ಳಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್‌ನಿಂದ ಏನು ಪ್ರಯೋಜನ?

ದುಡ್ಡಿನ ಲೆಕ್ಕ ಇನ್ನೂ ಮುಖ್ಯ. ಟೈಲರ್‌ಗೆ ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ) ಇದೆ, ಅದಕ್ಕೆ ಕಾನೂನಿನಂತೆ ದುಪ್ಪಟ್ಟು ದರ. ಹಾಜರಿ ಬೋನಸ್ ಇದೆ. ಸೂಪರ್‌ವೈಸರ್‌ಗಳನ್ನು ‘ಸ್ಟಾಫ್’ ಎಂದು ಕರೆದು ಓಟಿ ಕೊಡದಿರುವುದು ಈ ಉದ್ಯಮದಲ್ಲಿ ವಾಡಿಕೆ. ಅವನ್ನೆಲ್ಲ ಕೂಡಿ ಕಳೆದರೆ ಬಡ್ತಿಯಿಂದ ತಿಂಗಳಿಗೆ ಉಳಿಯುವುದು ಬಹಳ ಕಡಿಮೆ, ಕೆಲವು ಕಡೆ ನಷ್ಟವೇ. ಇದನ್ನು ಆ ಇಬ್ಬರು ನಿಮಗಿಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ಇನ್ನೊಂದು ಸೂಕ್ಷ್ಮವೂ ಇದೆ. ಬಡ್ತಿಯಿಂದ ವೇತನ 21,000 ದಾಟಿದರೆ ಆ ವಂತಿಗೆ ಅವಧಿ ಮುಗಿದ ಮೇಲೆ ಆಕೆ ಇಎಸ್‌ಐಯಿಂದ ಹೊರಗಾಗುತ್ತಾಳೆ. ಮಕ್ಕಳಿಗೆ, ವಯಸ್ಸಾದ ತಂದೆತಾಯಿಗೆ ಸಿಗುತ್ತಿದ್ದ ಚಿಕಿತ್ಸೆ ನಿಲ್ಲುತ್ತದೆ. ಮುಂದೆ ಆಕೆಗೆ ಹೆರಿಗೆಯಾದರೆ ಆ 26 ವಾರಗಳ ವೇತನ ಆಗ ನಿಜವಾಗಿ ನಿಮ್ಮ ಹೆಗಲಿಗೆ ಬರುತ್ತದೆ. ಆದ್ದರಿಂದ ಆ ಗಡಿಯ ಆಸುಪಾಸಿನಲ್ಲಿ ಸಂಬಳ ನಿಗದಿ ಮಾಡುವಾಗ ಆಕೆಯನ್ನು ಎದುರಿಗೆ ಕೂರಿಸಿಕೊಂಡೇ ಲೆಕ್ಕ ಹಾಕಿ. ದಾಟಿಸುವುದಾದರೆ ಕುಟುಂಬಕ್ಕೆ ಆರೋಗ್ಯ ವಿಮೆ ಮಾಡಿಸಿ ಸ್ಪಷ್ಟವಾಗಿ ದಾಟಿಸಿ. ನೂರಿನ್ನೂರು ರೂಪಾಯಿಯಷ್ಟು ಮಾತ್ರ ದಾಟಿಸಿದರೆ ಆಕೆಗೆ ಅನ್ಯಾಯ.

‘ಮನೆಯಲ್ಲಿ ಒಪ್ಪುವುದಿಲ್ಲ’ ಎಂಬ ಮಾತಿನ ಹಿಂದೆ ಇಷ್ಟೆಲ್ಲ ಇರಬಹುದು. ಗಂಡ ನಿಜವಾಗಿಯೂ ಬೇಡವೆಂದಿರಬಹುದು. ಆದರೆ ಮಾಲೀಕರ ಎದುರು ‘ನಿಮ್ಮ ಮ್ಯಾನೇಜರ್ ಬಾಯಿಗೆ ನಾನು ಬೀಳಲಾರೆ’ ಎನ್ನುವುದಕ್ಕಿಂತ ಹಾಗೆನ್ನುವುದು ಸುಲಭ. ನಿಮ್ಮ ಬ್ಯಾಚ್‌ಗಳಲ್ಲಿ ಒಂದೇ ಊರಿನವರು, ವಾರಗಿತ್ತಿಯರು, ಅತ್ತೆ ಸೊಸೆಯರು ಅಕ್ಕಪಕ್ಕದ ಮಿಷಿನ್‌ಗಳಲ್ಲಿ ಇರುತ್ತಾರೆ. ನಾಳೆಯಿಂದ ಅವರ ಮೇಲೆ ಕೂಗಾಡು ಎಂದರೆ, ಸಂಜೆ ಅದೇ ಬೀದಿಗೆ ಹೋಗಿ ಅವರೊಡನೆ ಬದುಕಬೇಕಾದವಳು ಹೇಗೆ ಒಪ್ಪುತ್ತಾಳೆ?

ಹೆಂಗಸರಿಗೆ ಮುಂದಾಳತ್ವ ಒಗ್ಗುವುದಿಲ್ಲ ಎಂಬ ಮಾತನ್ನು ನಿಮ್ಮ ಮ್ಯಾನೇಜರ್ ಆಡಿಯೇ ಇರುತ್ತಾರೆ. ಭವಿಷ್ಯ ನಿಧಿಯ ಹಣ ಹಿಂಪಡೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಗೊಳಿಸಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೆದ್ದಾರಿಗೆ ಇಳಿದರು. ಎರಡು ದಿನದೊಳಗೆ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಸುದ್ದಿ ಮುಟ್ಟಿಸಿ, ಜನ ಸೇರಿಸಿ, ರಸ್ತೆಯಲ್ಲಿ ನಿಲ್ಲಿಸಿದವರು ಟೈಲರ್‌ಗಳು, ಹೆಲ್ಪರ್‌ಗಳು. ಅಂಥವರಿಗೆ ಒಂದು ಬ್ಯಾಚ್ ನಡೆಸುವುದು ಗೊತ್ತಾಗದು ಎಂಬುದನ್ನು ನಾನು ಒಪ್ಪುವುದಿಲ್ಲ.

ಬಾಂಗ್ಲಾದೇಶದ ಸಿದ್ಧ ಉಡುಪು ಕಾರ್ಖಾನೆಗಳ ಸ್ಥಿತಿಯೂ ನಿಮ್ಮದರಂತೆಯೇ ಇತ್ತು. ಹೊಲಿಯುವವರಲ್ಲಿ ಐವರಿಗೆ ನಾಲ್ವರು ಹೆಂಗಸರು, ಸೂಪರ್‌ವೈಸರ್‌ಗಳಲ್ಲಿ ಇಪ್ಪತ್ತಕ್ಕೆ ಒಬ್ಬರೋ ಏನೋ. ಅಲ್ಲಿ ಹೆಂಗಸರಿಗೂ ಗಂಡಸರಿಗೂ ಒಂದೇ ತರಬೇತಿ ಕೊಟ್ಟು ಬ್ಯಾಚ್‌ಗಳಿಗೆ ಹಾಕಿ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿದರು. ಕೆಲಸದ ತಿಳಿವಳಿಕೆಯಲ್ಲಿ ಹೆಂಗಸರು ಹಿಂದಿರಲಿಲ್ಲ, ಆದರೆ ಹಿಂದಿದ್ದಾರೆ ಎಂದು ಎಲ್ಲರೂ ನಂಬಿದ್ದರು. ಕೈಕೆಳಗಿನವರೂ ಮೊದಲಿಗೆ ಅವರನ್ನು ಕಡಿಮೆ ಅಳೆದರು, ಕೆಲಸವೂ ಸ್ವಲ್ಪ ಕುಂಟಿತು. ನಾಲ್ಕಾರು ತಿಂಗಳು ಕಳೆಯುವಷ್ಟರಲ್ಲಿ ಆ ವ್ಯತ್ಯಾಸ ಇಲ್ಲವಾಯಿತು. ಹೆಚ್ಚಿನ ಮಾಲೀಕರು ಎರಡನೆಯ ತಿಂಗಳಿಗೇ ‘ನೋಡಿದೆವು, ಆಗಲಿಲ್ಲ’ ಎಂದು ಕೈಬಿಡುತ್ತಾರೆ. ನೀವು ಪ್ರಯತ್ನಿಸುವುದಾದರೆ ಆರು ತಿಂಗಳಿಗಿಂತ ಮೊದಲು ತೀರ್ಪು ಕೊಡುವುದಿಲ್ಲ ಎಂದು ಈಗಲೇ ನಿರ್ಧರಿಸಿ, ಮ್ಯಾನೇಜರ್‌ಗೂ ಬರಹದಲ್ಲಿ ತಿಳಿಸಿ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಹೊರಗಿನಿಂದ ಡಿಪ್ಲೊಮಾ ಓದಿದ ಹುಡುಗಿಯರನ್ನು ತಂದು ಸೂಪರ್‌ವೈಸರ್ ಮಾಡುವುದು ಬೇಗ ಆಗುವ ಕೆಲಸ. ಆಡಿಟ್‌ನವರಿಗೂ ಸಮಾಧಾನ. ಆದರೆ ನಿಮ್ಮ 118 ಮಂದಿಗೆ ಅದರಿಂದ ಸಿಗುವ ಸಂದೇಶ, ಮೇಲಿನ ಬಾಗಿಲು ನಮಗೆ ತೆರೆಯುವುದಿಲ್ಲ ಎಂಬುದು. ಎರಡನೆಯದು, ಒಬ್ಬಾಕೆಯನ್ನು ಆಕೆಯದೇ ಬ್ಯಾಚ್‌ಗೆ ನೇರವಾಗಿ ಸೂಪರ್‌ವೈಸರ್ ಮಾಡುವುದು. ನೀವು ಮಾಡಲು ಹೊರಟಿದ್ದು ಇದನ್ನೇ. ಅಪಾಯ ಹೆಚ್ಚಿರುವುದೂ ಇದರಲ್ಲೇ, ಏಕೆಂದರೆ ಐವರು ಗಂಡಸರ ನಡುವೆ ಒಂಟಿಯಾಗಿ ನಿಂತ ಆಕೆಯ ಸೋಲು ಎಲ್ಲ ಹೆಂಗಸರ ಸೋಲೆಂದು ಲೆಕ್ಕಕ್ಕೆ ಬರುತ್ತದೆ. ನಾನು ಸೂಚಿಸುವುದು ಮೂರನೆಯದನ್ನು. ಮೂವರನ್ನೋ ನಾಲ್ವರನ್ನೋ ಒಟ್ಟಿಗೆ ಆರಿಸಿ, ಬೇರೆ ಬ್ಯಾಚ್‌ಗಳಲ್ಲಿ ಮೊದಲು ಸಹಾಯಕ ಸೂಪರ್‌ವೈಸರ್ ಮಾಡಿ. ಭತ್ಯೆಯನ್ನು ಮೊದಲ ದಿನದಿಂದಲೇ ಕೊಡಿ. ಗಂಟೆ ಲೆಕ್ಕ ಬರೆಯುವುದು, ಬ್ಯಾಚ್‌ನೊಳಗೆ ಕೆಲಸವನ್ನು ಸಮನಾಗಿ ಹಂಚುವುದು, ಮಾಲಿನ ದೋಷ ಗುರುತಿಸುವುದು, ಕೂಗದೆ ಕೆಲಸ ಹೇಳುವುದು, ಇವನ್ನೆಲ್ಲ ಶಿಫ್ಟ್ ಒಳಗೇ ಕಲಿಸಿ. ಭಾನುವಾರ ಬಾ, ಸಂಜೆ ನಿಲ್ಲು ಎನ್ನುವ ತರಬೇತಿಗೆ ಮಕ್ಕಳಿರುವ ಯಾರೂ ಬರಲಾರರು. ಬೆಂಗಳೂರಿನ ಉಡುಪು ಕಾರ್ಖಾನೆಗಳಲ್ಲಿ ಹೆಂಗಸರಿಗೆ ಸಂವಹನ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವ ಬಗೆ ಇಂಥವನ್ನು ಕಲಿಸಿದ ಕಾರ್ಯಕ್ರಮವೊಂದನ್ನು ಅರ್ಥಶಾಸ್ತ್ರಜ್ಞರು ಅಳೆದಾಗ, ಹಾಕಿದ ಹಣದ ಎರಡು ಪಟ್ಟಿಗೂ ಮಿಕ್ಕಿದ ಲಾಭ ಕಂಪನಿಗೆ ತರಬೇತಿ ಮುಗಿದ ವರ್ಷದೊಳಗೇ ಬಂದಿತ್ತು. ತರಬೇತಿ ಪಡೆಯದ ಪಕ್ಕದವರ ಕೆಲಸವೂ ಸುಧಾರಿಸಿತ್ತು. ನಿಮ್ಮ ಗಾತ್ರದ ಘಟಕಕ್ಕೆ ಅಷ್ಟೇ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಇದು ದಾನದ ಲೆಕ್ಕದಲ್ಲಿ ಬರೆಯಬೇಕಾದ ಖರ್ಚಲ್ಲ.

ಮೂರನೆಯ ದಾರಿಯಲ್ಲೂ ಅಪಾಯವಿದೆ, ಅದು ಸದ್ದಿಲ್ಲದೆ ಬರುತ್ತದೆ. ಹೊಸ ಸೂಪರ್‌ವೈಸರ್ ಬ್ಯಾಚ್‌ನ ಮಿಷಿನ್ ಕೆಟ್ಟರೆ ಮೆಕ್ಯಾನಿಕ್ ನಿಧಾನವಾಗಿ ಬರುತ್ತಾನೆ. ಕಟಿಂಗ್‌ನಿಂದ ಆಕೆಗೆ ಕತ್ತರಿಸಿದ ಬಟ್ಟೆಯ ಬಂಡಲ್ ತಡವಾಗಿ ಸಿಗುತ್ತದೆ. ಹೆಚ್ಚು ಗೈರಾಗುವ ಹೆಲ್ಪರ್‌ಗಳನ್ನೆಲ್ಲ ಆಕೆಯ ಬ್ಯಾಚ್‌ಗೇ ತಳ್ಳುತ್ತಾರೆ. ತಿಂಗಳ ಕೊನೆಗೆ ಕಡಿಮೆ ಪೀಸ್ ಎಂಬ ಲೆಕ್ಕ ಮಾತ್ರ ನಿಮ್ಮ ಮೇಜಿಗೆ ಬರುತ್ತದೆ. ಹಲವು ಕಡೆ ಒಳ್ಳೆಯ ಹೆಂಗಸರು ಹೀಗೆಯೇ ಸೋತು ಮತ್ತೆ ಮಿಷಿನ್‌ಗೆ ಮರಳಿದ್ದಾರೆ, ನನಗೆ ಇಂದಿಗೂ ಅದು ಸಂಕಟದ ವಿಷಯ. ಪರಿಹಾರಕ್ಕೆ ಒಂದು ನೋಟ್‌ಬುಕ್ ಸಾಕು. ಪ್ರತಿ ಬ್ಯಾಚ್‌ನಲ್ಲೂ ಮಿಷಿನ್ ನಿಂತ ಹೊತ್ತು, ಮೆಕ್ಯಾನಿಕ್ ಬಂದ ಹೊತ್ತು, ಬಂಡಲ್ ಬಂದ ಹೊತ್ತು ಬರೆಯಲಿ. ವಾರಕ್ಕೊಮ್ಮೆ ಅದನ್ನು ನೀವೇ ನೋಡಿ, ಮ್ಯಾನೇಜರ್‌ಗೆ ಬಿಡಬೇಡಿ.

ಇದರ ಜೊತೆಗೆ ಸಂಜೆಯ ರಿಪೋರ್ಟ್ ಶಿಫ್ಟ್ ಒಳಗೇ ಮುಗಿಯುವಂತೆ ಮಾಡಿ, ಇಲ್ಲವಾದರೆ ಆಕೆಗಾಗಿ ವ್ಯಾನ್ ಕಾಯಲಿ. ರಾತ್ರಿ ಎಂಟರ ಮೇಲೆ ಯಾವ ಸೂಪರ್‌ವೈಸರ್‌ಗೂ, ಗಂಡಸಾದರೂ, ಮ್ಯಾನೇಜರ್ ಫೋನ್ ಮಾಡಬಾರದೆಂದು ನಿಯಮ ಮಾಡಿ. ಫ್ಲೋರ್‌ನಲ್ಲಿ ಬೈಗುಳ ನಿಲ್ಲಬೇಕು. ಇದನ್ನು ಪೋಸ್ಟರ್ ಅಂಟಿಸಿ ನಿಲ್ಲಿಸಲಾಗದು, ಮ್ಯಾನೇಜರ್‌ರನ್ನು ನೀವು ಎಲ್ಲರೆದುರು ಬೈಯುವುದನ್ನು ನಿಲ್ಲಿಸಿದಾಗ ಶುರುವಾಗುತ್ತದೆ. ಇವೆಲ್ಲ ಹೆಂಗಸರಿಗೆ ಕೊಟ್ಟ ವಿಶೇಷ ರಿಯಾಯಿತಿ ಎಂದು ಘೋಷಿಸಬೇಡಿ. ಆರು ಗಂಡಸರಿಗೂ ಇದರಿಂದ ಬದುಕು ಹಗುರವಾಗುತ್ತದೆ, ಹಾಗಾಗಿ ಅವರ ವಿರೋಧವೂ ತಗ್ಗುತ್ತದೆ.

ಮನೆಯ ವಿಷಯಕ್ಕೆ ಕೈಹಾಕಬೇಕೇ ಎಂದು ಕೇಳಿದ್ದೀರಿ. ಗಂಡನನ್ನು ಕರೆಸಿ ಒಪ್ಪಿಗೆ ಕೇಳುವ ಮಾಲೀಕರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಹಾಗೆ ಕೇಳಿದ ದಿನವೇ ಆಕೆಯ ಕೆಲಸದ ಮೇಲಿನ ಅಧಿಕಾರವನ್ನು ಗಂಡನ ಕೈಗೆ ಕೊಟ್ಟಂತಾಗುತ್ತದೆ. ಬೇಕಿದ್ದರೆ ವರ್ಷಕ್ಕೊಮ್ಮೆ ಎಲ್ಲರ ಮನೆಯವರನ್ನೂ ಕರೆದು ಫ್ಯಾಕ್ಟರಿ ತೋರಿಸಿ, ಊಟ ಹಾಕಿ. ಯಾರು ಎಲ್ಲಿ ಕೂರುತ್ತಾರೆ, ಯಾರ ಜೊತೆ ಕೆಲಸ ಮಾಡುತ್ತಾರೆ ಎಂದು ಕಣ್ಣಾರೆ ಕಂಡರೆ ಅರ್ಧ ಅನುಮಾನ ಕಳೆಯುತ್ತದೆ. ಒಪ್ಪಿಗೆಯ ಮಾತು ಅಲ್ಲಿ ಬರಬಾರದು. ಇನ್ನೊಂದು ವಿಷಯ ನಿಮ್ಮ ಕೈಯಲ್ಲೇ ಇದೆ. ಸಂಬಳದ ಖಾತೆಗಳಿಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಯಾರದು ಎಂದು ಒಮ್ಮೆ ಪರಿಶೀಲಿಸಿ. ಖಾತೆ ಆಕೆಯ ಹೆಸರಿನಲ್ಲಿ, ಮೆಸೇಜ್ ಬರುವುದು ಗಂಡನ ಅಥವಾ ಮಗನ ಫೋನಿಗೆ, ಎಟಿಎಂ ಕಾರ್ಡ್ ಅವರ ಜೇಬಿನಲ್ಲಿ. ತನ್ನದೇ ಸಂಖ್ಯೆ ಜೋಡಿಸಿಕೊಳ್ಳಲು ಬಯಸುವವರಿಗೆ ಬ್ಯಾಂಕಿನವರನ್ನು ಫ್ಯಾಕ್ಟರಿಗೇ ಕರೆಸಿ ಸಹಾಯ ಮಾಡಿ, ಸಂಬಳ ಚೀಟಿಯನ್ನು ಕನ್ನಡದಲ್ಲಿ ಕೊಡಿ. ಬಲವಂತ ಬೇಡ. ಆ ಬದಲಾವಣೆಯಿಂದ ಮನೆಯಲ್ಲಿ ಜಗಳವಾಗುತ್ತದೆಯೇ ಎಂಬುದು ಆಕೆಗೆ ಮಾತ್ರ ಗೊತ್ತು.

ದೂರು ಸಮಿತಿಗೆ ದೂರು ಬಂದಿಲ್ಲ ಎಂಬುದನ್ನು ಒಳ್ಳೆಯ ಸುದ್ದಿಯೆಂದು ಓದಬೇಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಸಮಿತಿ ಇರಬೇಕು, ಹಿರಿಯ ಹುದ್ದೆಯ ಮಹಿಳೆ ಅದರ ಅಧ್ಯಕ್ಷೆಯಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು. ನಿಮ್ಮಲ್ಲಿ ಹಿರಿಯ ಹುದ್ದೆಯಲ್ಲಿ ಹೆಂಗಸರೇ ಇಲ್ಲ. ಹಾಗಾದರೆ ಅಧ್ಯಕ್ಷೆ ಯಾರು? ಬಹುಶಃ ಆಫೀಸಿನ ಕ್ಲರ್ಕ್ ಹುಡುಗಿ, ಅದೇ ಮ್ಯಾನೇಜರ್ ಕೈಕೆಳಗೆ ಇರುವವಳು. ಅವಳ ಬಳಿ ಹೋಗಿ ಮ್ಯಾನೇಜರ್ ಮೇಲೆ ದೂರು ಕೊಡುವವರು ಯಾರು? ಒಳಗೆ ತಕ್ಕವರು ಇಲ್ಲದಿದ್ದಾಗ ನಿಮ್ಮದೇ ಬೇರೆ ಘಟಕದಿಂದ ಅಥವಾ ಬೇರೆ ಸಂಸ್ಥೆಯಿಂದ ಹಿರಿಯ ಮಹಿಳೆಯನ್ನು ನೇಮಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಹೊರಗಿನ ಸದಸ್ಯೆಯ ಫೋನ್ ಸಂಖ್ಯೆಯನ್ನು ಶೌಚಾಲಯದ ಒಳಬಾಗಿಲಿಗೆ ಅಂಟಿಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಅದನ್ನು ಬರೆದುಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ.

ಮೊದಲ ದೂರು ಬಂದಾಗ ನಿಮ್ಮ ಮನಸ್ಸು ‘ಕರೆದು ರಾಜಿ ಮಾಡಿಸೋಣ’ ಎನ್ನುತ್ತದೆ. ಹಾಗೆ ಮಾಡಬೇಡಿ. ದೂರು ಕೊಟ್ಟಾಕೆಯೇ ಕೇಳಿದರೆ ಮಾತ್ರ ರಾಜಿಗೆ ಅವಕಾಶ, ಅದೂ ಸಮಿತಿಯ ಮೂಲಕ. ದುಡ್ಡು ಕೊಟ್ಟು ಮುಗಿಸುವಂತಿಲ್ಲ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆ ಅವಧಿಯಲ್ಲಿ ಆಕೆ ಬರಹದಲ್ಲಿ ಕೇಳಿದರೆ ಇಬ್ಬರಲ್ಲಿ ಒಬ್ಬರನ್ನು ಬೇರೆಡೆಗೆ ಹಾಕಲು ಸಮಿತಿ ಶಿಫಾರಸು ಮಾಡಬಹುದು. ಆರೋಪ ಬಂದಾತನನ್ನು ವರ್ಗಾಯಿಸುವ ಬದಲು ದೂರು ಕೊಟ್ಟಾಕೆಯನ್ನೇ ಆಕೆಯ ಇಚ್ಛೆಗೆ ವಿರುದ್ಧವಾಗಿ ಕಳಿಸಿದರೆ, ಉಳಿದ 117 ಮಂದಿ ಆ ಪಾಠವನ್ನು ಮರೆಯುವುದಿಲ್ಲ.

ಶಿಶುಪಾಲನಾ ಕೊಠಡಿ ಖಾಲಿ ಇರುವ ಕಾರಣ ಸರಳವಾಗಿರಬಹುದು. ಐವತ್ತು ಅಥವಾ ಹೆಚ್ಚು ಜನರಿರುವ ಕಡೆ ಅದು ಕಡ್ಡಾಯವೆಂದು ಕೋಣೆ ಕಟ್ಟಿಸಿದ್ದೀರಿ. ಆದರೆ ತುಂಬಿದ ವ್ಯಾನ್‌ನಲ್ಲಿ ಒಂದು ವರ್ಷದ ಮಗುವನ್ನು ಹೊತ್ತು ನಿಂತು ಬರಲು ಯಾವ ತಾಯಿಗೆ ಮನಸ್ಸಾಗುತ್ತದೆ? ವ್ಯಾನ್‌ನ ಮುಂದಿನ ಸೀಟುಗಳನ್ನು ಮಗುವಿರುವವರಿಗೆ ಮೀಸಲಿಡಿ. ಒಬ್ಬ ನಂಬಿಕಸ್ಥ ಆಯಾ, ಬಿಸಿ ಹಾಲು, ತೊಳೆದ ಬಟ್ಟೆ ಇರಲಿ. ದಿನಕ್ಕೆ ನಾಲ್ಕು ಸಲ ತಾಯಿ ಮಗುವನ್ನು ನೋಡಿಬರಲು ಕಾನೂನಿನಲ್ಲಿ ಅವಕಾಶವಿದೆ. ಆ ನಾಲ್ಕು ಸಲ ಆಕೆಯ ಮಿಷಿನ್‌ಗೆ ಬದಲಿ ಕೂರದಿದ್ದರೆ ಟಾರ್ಗೆಟ್ ಭಯಕ್ಕೆ ಆಕೆ ಏಳುವುದೇ ಇಲ್ಲ. ಖರ್ಚು ಹೆಚ್ಚೆನಿಸಿದರೆ ಪಕ್ಕದ ಘಟಕಗಳ ಜೊತೆ ಸೇರಿ ಒಂದೇ ಕೇಂದ್ರ ನಡೆಸಬಹುದು. ಶೌಚಾಲಯಕ್ಕೂ ಈ ಮಾತು ಅನ್ವಯಿಸುತ್ತದೆ. ಎದ್ದು ಹೋಗಲು ಅನುಮತಿ ಕೇಳಬೇಕಾದ ಕಡೆ ಹೆಂಗಸರು ದಿನವಿಡೀ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ, ಆಮೇಲೆ ಮೂತ್ರದ ಸೋಂಕಿಗೆ ರಜೆ ಹಾಕುತ್ತಾರೆ. ತಿಂಗಳಿಗೆ ಒಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ರಾಜ್ಯ ಸರ್ಕಾರ 2025ರಲ್ಲಿ ಆದೇಶ ಹೊರಡಿಸಿದೆ. ಅದನ್ನು ಕೊಡುವಾಗ ಕಾರಣವನ್ನು ಗಂಡು ಸೂಪರ್‌ವೈಸರ್ ಮುಂದೆ ಹೇಳಬೇಕಾದ ಪರಿಸ್ಥಿತಿ ತರಬೇಡಿ.

ಆಡಿಟ್‌ನವರಿಗಾಗಿ ಹತ್ತು ಪುಟದ ‘ಲಿಂಗ ಸಮಾನತೆಯ ನೀತಿ’ ಬರೆಸಲು ದುಡ್ಡು ಸುರಿಯಬೇಡಿ. ಮೊದಲು ವೇತನ ಪುಸ್ತಕ ತೆಗೆಯಿರಿ. ಸೇರಿದ ವರ್ಷ, ಕೆಲಸ, ಗ್ರೇಡ್, ಸಂಬಳ ಇವನ್ನು ಗಂಡು ಹೆಣ್ಣು ಎಂದು ಬೇರೆ ಮಾಡಿ ಪಕ್ಕಪಕ್ಕ ಬರೆದು ನೋಡಿ. ವರ್ಷಗಳಿಂದ ಟೈಲರ್ ಕೆಲಸ ಮಾಡುತ್ತ ಪುಸ್ತಕದಲ್ಲಿ ಇನ್ನೂ ಹೆಲ್ಪರ್ ಎಂದೇ ಇರುವ ಕೆಲವರು ಖಂಡಿತ ಸಿಗುತ್ತಾರೆ. ಅವರ ಗ್ರೇಡ್ ಸರಿಪಡಿಸುವುದು ನಿಮ್ಮ ಮೊದಲ ಕೆಲಸವಾಗಲಿ, ಸೂಪರ್‌ವೈಸರ್ ವಿಷಯ ಆಮೇಲೆ.

ಇಷ್ಟು ಮಾಡಿದ ಮೇಲೆ ಆ ಇಬ್ಬರನ್ನು ಮತ್ತೊಮ್ಮೆ ಕರೆದು, ಬದಲಾದ ಹೊತ್ತು, ಸಂಬಳ, ವ್ಯಾನ್ ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಟ್ಟು, ಒಂದು ವಾರ ಯೋಚಿಸಲು ಬಿಡಿ. ಆಗಲೂ ಬೇಡವೆಂದರೆ ಒತ್ತಾಯಿಸಬೇಡಿ. ಟೈಲರ್ ಆಗಿಯೇ ಇದ್ದು ಮೇಲೇರುವ ದಾರಿಯೂ ಬೇಕು: ಮೂರು ಕೆಲಸ ಬಲ್ಲವರಿಗೆ ಒಂದು ಗ್ರೇಡ್, ಐದು ಬಲ್ಲವರಿಗೆ ಇನ್ನೊಂದು, ಹೊಸಬರಿಗೆ ಕಲಿಸುವವರಿಗೆ ಪ್ರತ್ಯೇಕ ಭತ್ಯೆ. ಹತ್ತು ವರ್ಷ ನಿಮ್ಮಲ್ಲಿ ದುಡಿದ ಆ ಇಬ್ಬರಿಗೆ ಇದರ ಮೊದಲ ಗ್ರೇಡನ್ನು ಅವರ ಉತ್ತರ ಏನೇ ಇರಲಿ ಕೊಡಿ.